ಗೇಣುದ್ದದ ಸಿಪಾಯಿಗೆ ಮೂರು ತಿಂಗಳು ಯಾಕೆ?

ಕಳೆದ ದಸರಾದಲ್ಲಿ ಕೋಲಾರದ ನಮ್ಮ ಮನೆಯ ಬೊಂಬೆ ಮೆಟ್ಟಿಲ ಮೇಲೆ ಹೊಸಬನೊಬ್ಬ ನಿಂತಿದ್ದ. ಪಟ್ಟದ ಗೊಂಬೆಗಳ ಪಕ್ಕದಲ್ಲಿ, ತಲೆಗೆ ರುಮಾಲು, ನಡುವಿಗೆ ಪಟ್ಟಿ, ಕೈಯಲ್ಲಿ ತನಗಿಂತ ಎತ್ತರದ ಬಿದಿರು. ಆ ಬಿದಿರಿನ ತುದಿಗೆ ಕಟ್ಟಿದ ಕಬ್ಬಿಣದ ಕೊಳವೆ. ಟಿಪ್ಪು ಕಾಲದ ರಾಕೆಟ್ ಸಿಪಾಯಿ. ಮರದಲ್ಲಿ ಕೆತ್ತಿ ಬಣ್ಣ ಹಚ್ಚಿದ್ದು ನಾನೇ.

ಅರಿಶಿನ ಕುಂಕುಮಕ್ಕೆ ಬಂದ ಎದುರು ಮನೆಯ ಅಜ್ಜಿ ಅವನನ್ನು ಎತ್ತಿ ತಿರುಗಿಸಿ ನೋಡಿದರು. "ಎಷ್ಟು ದಿನ ಹಿಡೀತಪ್ಪಾ?" ಅಂದರು. ಮೂರು ತಿಂಗಳ ಭಾನುವಾರಗಳು ಅಂದೆ. "ಇಷ್ಟುದ್ದಕ್ಕಾ!" ಅಂತ ಗೇಣು ಅಗಲಿಸಿ ತೋರಿಸಿ ನಕ್ಕರು.

ಆಮೇಲೆ ಬಂದವರೆಲ್ಲ ಅದನ್ನೇ ಕೇಳಿದರು. ಕೆಲವರು ಮಕ್ಕಳಿಗೆ ಕಲಿಸಬೇಕು, ಏನೇನು ಬೇಕು ಅಂತಲೂ ವಿಚಾರಿಸಿದರು. ಅದಕ್ಕೇ ಇದನ್ನು ಬುಡದಿಂದ ಬರೆಯುತ್ತಿದ್ದೇನೆ. ಉಳಿ ಹಿಡಿದು ಗೊತ್ತಿಲ್ಲದವರಿಗೂ ಅರ್ಥವಾಗಲಿ ಅಂತ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಜೇಡಿಮಣ್ಣಿನ ಬೊಂಬೆಯಲ್ಲಿ ತಪ್ಪಾದರೆ ಚಿಟಿಕೆ ಮಣ್ಣು ಮೆತ್ತಬಹುದು. ಮರದಲ್ಲಿ ತೆಗೆದದ್ದು ಹೋಯಿತು. ಹಾಗಾಗಿ ಮೂರು ತಿಂಗಳಲ್ಲಿ ಉಳಿ ಓಡಿದ ಹೊತ್ತು ಕಡಿಮೆ. ಎಲ್ಲಿ ಉಳಿ ಇಡಬಾರದು ಅಂತ ಯೋಚಿಸಿದ ಹೊತ್ತೇ ಜಾಸ್ತಿ.

ಇವನು ಯಾರು?

ಹೈದರಾಲಿ ಹುಟ್ಟಿದ್ದು ನಮ್ಮ ಜಿಲ್ಲೆಯ ಬೂದಿಕೋಟೆಯಲ್ಲಿ. ಅವನ ತಂದೆ ಫತೇ ಮಹಮ್ಮದನ ಗೋರಿ ಕೋಲಾರ ಪಟ್ಟಣದಲ್ಲೇ ಇದೆ. ಹೈದರ್ ಮತ್ತು ಅವನ ಮಗ ಟಿಪ್ಪು ಕಾಲದ ಮೈಸೂರು ಸೈನ್ಯ ರಾಕೆಟ್ಟಿಗೆ ಹೆಸರಾಗಿತ್ತು. ಆಗಿನ ಮಾತಿನಲ್ಲಿ ಅದು ಬಾಣ.

ರಾಕೆಟ್ ಅಂದರೆ ಏನು? ದೀಪಾವಳಿಯ ರಾಕೆಟ್ಟನ್ನೇ ನೆನಪಿಸಿಕೊಳ್ಳಿ. ಕಾಗದದ ಕೊಳವೆ, ಒಳಗೆ ಮದ್ದು, ಬಾಲಕ್ಕೆ ಕಡ್ಡಿ. ಮದ್ದು ಉರಿದಾಗ ಹೊಗೆ ಹಿಂದಕ್ಕೆ ನುಗ್ಗುತ್ತದೆ, ಕೊಳವೆ ಮುಂದಕ್ಕೆ ಹಾರುತ್ತದೆ. ನೆಟ್ಟಗೆ ಹೋಗಲು ಕಡ್ಡಿ ಬೇಕು. ಮೈಸೂರಿನವರು ಕಾಗದದ ಬದಲು ಕಬ್ಬಿಣದ ಕೊಳವೆ ಬಳಸಿದರು. ಕಬ್ಬಿಣ ಬೇಗ ಒಡೆಯುವುದಿಲ್ಲ. ಒಳಗೆ ಮದ್ದನ್ನು ಗಟ್ಟಿಯಾಗಿ ತುಂಬಬಹುದು, ಹಾಗಾಗಿ ದೂರ ಹೋಗುತ್ತದೆ. 1780ರ ಸೆಪ್ಟೆಂಬರ್ 10ರಂದು ಕಾಂಚೀಪುರದ ಹತ್ತಿರ ಪೊಳ್ಳಿಲೂರಿನಲ್ಲಿ ಇಂಗ್ಲಿಷರ ಕರ್ನಲ್ ಬೇಲಿಯ ಪಡೆ ಸೋತಾಗ, ಅವರ ಮದ್ದುಗುಂಡಿನ ಗಾಡಿಗಳು ಸಿಡಿದದ್ದರಲ್ಲಿ ಈ ರಾಕೆಟ್ಟಿನ ಪಾಲೂ ಇತ್ತು ಅನ್ನುತ್ತಾರೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಕೆಲವು ರಾಕೆಟ್ಟುಗಳು ಇಂಗ್ಲೆಂಡಿಗೆ ಹೋದವು. 2018ರಲ್ಲಿ ಶಿವಮೊಗ್ಗ ಜಿಲ್ಲೆಯ ನಗರ ಎಂಬ ಊರಿನಲ್ಲಿ, ಬಿದನೂರು ಕೋಟೆಯ ಹಾಳುಬಾವಿಯೊಂದರಲ್ಲಿ ಸಾವಿರಕ್ಕೂ ಹೆಚ್ಚು ಸಿಕ್ಕವು. ಪೇಪರಿನಲ್ಲಿ ಆ ಫೋಟೊ ನೋಡಿದವರಿಗೆ ನೆನಪಿರಬಹುದು. ತುಕ್ಕು ಹಿಡಿದ ಕೊಳವೆಗಳ ರಾಶಿ.

ನಾನು ಇವನನ್ನು ಆರಿಸಿದ್ದಕ್ಕೆ ಇತಿಹಾಸ ಅರ್ಧ ಕಾರಣ. ಕುದುರೆ ಕೆತ್ತುವ ಧೈರ್ಯ ಇರಲಿಲ್ಲ ಅನ್ನುವುದು ಇನ್ನರ್ಧ.

ಮೊದಲ ತಿಂಗಳು ಬರೀ ನೋಡುವುದು

ಸೈನಿಕನ ಬೊಂಬೆಗೂ ಬೇರೆ ಬೊಂಬೆಗೂ ಇರುವ ವ್ಯತ್ಯಾಸ ಇಲ್ಲಿದೆ. ಚನ್ನಪಟ್ಟಣದ ಬೊಂಬೆಯನ್ನು ಲೇತಿನಲ್ಲಿ ತಿರುಗಿಸಿ, ಅರಗಿನ ಬಣ್ಣ ಕೂರಿಸುತ್ತಾರೆ. ಅದು ಯಾರನ್ನೂ ಹೋಲಬೇಕಿಲ್ಲ, ಚೆಂದ ಇದ್ದರೆ ಸಾಕು. ಪಟ್ಟದ ಗೊಂಬೆ ರಾಜ, ರಾಣಿ ಅಷ್ಟೆ. ಯಾವ ರಾಜ ಅಂತ ಯಾರೂ ಕೇಳುವುದಿಲ್ಲ. ಆದರೆ "1790ರ ಸುಮಾರಿನ ಮೈಸೂರು ಸಿಪಾಯಿ" ಅಂದ ಕೂಡಲೇ ಪ್ರತಿ ಗುಂಡಿಗೂ ಲೆಕ್ಕ ಕೊಡಬೇಕು.

ಲೆಕ್ಕ ಎಲ್ಲಿ ಸಿಗುತ್ತದೆ? ಒಂದು, ಶ್ರೀರಂಗಪಟ್ಟಣದ ದರಿಯಾ ದೌಲತ್ ಅರಮನೆಯ ಗೋಡೆ. ಅಲ್ಲಿ ಪೊಳ್ಳಿಲೂರು ಯುದ್ಧದ ದೊಡ್ಡ ಚಿತ್ರವಿದೆ. ಇನ್ನೊಂದು, ರಾಬರ್ಟ್ ಹೋಮ್ ಎಂಬ ಇಂಗ್ಲಿಷ್ ಚಿತ್ರಕಾರನ ಕೈಚಿತ್ರಗಳು. ಇಂಗ್ಲಿಷರ ಗವರ್ನರ್ ಜನರಲ್ ಕಾರ್ನ್‌ವಾಲಿಸ್ 1791ರಲ್ಲಿ ಕೋಲಾರದ ಮೇಲೆ ಹಾದು ಬೆಂಗಳೂರಿಗೆ ನುಗ್ಗಿದನಲ್ಲ, ಆ ಯುದ್ಧದ ಕಾಲದಲ್ಲಿ ಅವನ ಸೈನ್ಯದ ಜೊತೆಗಿದ್ದವನು ಹೋಮ್. ಮೈಸೂರು ಸೈನಿಕನೊಬ್ಬ ರಾಕೆಟ್ಟನ್ನೇ ಬಾವುಟದ ಕೋಲಿನ ಹಾಗೆ ಹಿಡಿದು ನಿಂತಿರುವ ಅವನ ಚಿತ್ರವೇ ನನ್ನ ಬೊಂಬೆಯ ಭಂಗಿಗೆ ಮೂಲ.

ಎರಡರಲ್ಲೂ ತೊಡಕಿದೆ. ಗೋಡೆಯ ಚಿತ್ರಕ್ಕೆ 19ನೇ ಶತಮಾನದಲ್ಲಿ ಮತ್ತೆ ಬಣ್ಣ ಹಚ್ಚಿಸಿದ್ದಾರೆ. ಹಾಗಾಗಿ ಈಗ ಕಾಣುವ ಕೆಂಪು ಟಿಪ್ಪು ಕಾಲದ ಕೆಂಪೇ ಅಂತ ಕಣ್ಣುಮುಚ್ಚಿ ನಂಬುವ ಹಾಗಿಲ್ಲ. ಹೋಮ್ ಚಿತ್ರದ ತೊಡಕು ಬೇರೆ: ಚಿತ್ರಕ್ಕೆ ಒಂದೇ ಮಗ್ಗುಲು, ಬೊಂಬೆಗೆ ನಾಲ್ಕು. ಮುಂದಿನಿಂದ ಕಾಣುವ ನಡುಪಟ್ಟಿ ಹಿಂದೆ ಹೇಗೆ ಕಟ್ಟಿದೆ? ರುಮಾಲಿನ ತುದಿ ಬೆನ್ನ ಮೇಲೆ ಇಳಿದಿದೆಯೋ ಇಲ್ಲವೋ? ಚಿತ್ರ ಹೇಳುವುದಿಲ್ಲ. ಇಂಥ ಕಡೆ ನಾನು ಪಾಲಿಸಿದ ನಿಯಮ ಸರಳ. ಮುಂದೆ ಇರುವ ಬಟ್ಟೆ ಹಿಂದೆಯೂ ಮುಂದುವರಿಯಲಿ, ಹೊಸ ಅಲಂಕಾರ ಬೇಡ. ಬೆನ್ನು ಸ್ವಲ್ಪ ಬೋಳಾಗಿದೆ, ಇರಲಿ. ಸುಳ್ಳು ಗುಂಡಿಗಿಂತ ಬೋಳು ಬೆನ್ನು ವಾಸಿ.

ಬಟ್ಟೆಯ ಮೇಲಿನ ಗುರುತಿನ ಬಗ್ಗೆ ಮಾತ್ರ ಅನುಮಾನವಿಲ್ಲ. ಅದು ಬಬ್ರಿ, ಅಂದರೆ ಹುಲಿಪಟ್ಟೆ. ಟಿಪ್ಪು ತನ್ನ ಕತ್ತಿ, ಫಿರಂಗಿ, ಸಿಂಹಾಸನ, ಸಿಪಾಯಿಗಳ ಅಂಗಿ ಎಲ್ಲದರ ಮೇಲೂ ಇದನ್ನು ಹಾಕಿಸಿದ. ನೆಟ್ಟಗಿನ ಗೆರೆಯಲ್ಲ ಇದು. ನಡುವೆ ದಪ್ಪ, ಎರಡೂ ತುದಿ ಚೂಪು, ಸ್ವಲ್ಪ ಬಳುಕು.

ಸ್ಕೇಲ್ ಅಂದರೆ

ಸ್ಕೇಲ್ ಅಂದರೆ ಎಷ್ಟು ಪಾಲು ಕುಗ್ಗಿಸಿದ್ದೀವಿ ಅನ್ನುವ ಲೆಕ್ಕ. ಮನೆಯ ಪ್ಲಾನಿನಲ್ಲಿ ಇರುತ್ತದಲ್ಲ, ಅದೇ. ನಾನು 8ಕ್ಕೆ 1 ಇಟ್ಟುಕೊಂಡೆ. ಐದೂವರೆ ಅಡಿಯ ಮನುಷ್ಯ, ಅಂದರೆ 66 ಇಂಚು. ಅದು ಎಂಟೂ ಕಾಲು ಇಂಚಾಗುತ್ತದೆ. ಇಂಗ್ಲೆಂಡಿನಲ್ಲಿ ಉಳಿದಿರುವ ರಾಕೆಟ್ಟುಗಳ ಕೊಳವೆ ಸುಮಾರು 8ರಿಂದ 10 ಇಂಚು ಉದ್ದ. ಬೊಂಬೆಯ ಕೈಯಲ್ಲಿ ಅದು ಒಂದು, ಒಂದೂ ಕಾಲು ಇಂಚು. ಅದಕ್ಕೆ ಕಟ್ಟಿದ ಬಿದಿರು ಸುಮಾರು 6 ಅಡಿ, ಅಂದರೆ ಬೊಂಬೆಗೆ 9 ಇಂಚು. ಬೊಂಬೆಗಿಂತ ಬಿದಿರು ಉದ್ದವಾಗಿದ್ದು ಇದಕ್ಕೇ. ಅಜ್ಜಿ ಅದನ್ನು ತಪ್ಪು ಅಂದುಕೊಂಡಿದ್ದರು.

ಕುಗ್ಗಿಸಿದಾಗ ಎಲ್ಲವೂ ಕುಗ್ಗಬೇಕು. ಇದನ್ನೇ ಮರೆಯುವುದು. ಒಂದೂವರೆ ಮಿಲಿಮೀಟರ್ ದಪ್ಪದ ಬಟ್ಟೆ ಇಲ್ಲಿ ಕಾಲು ಮಿಲಿಮೀಟರಿಗಿಂತ ತೆಳು. ಅಷ್ಟು ತೆಳುವಾಗಿ ಮರ ಕೆತ್ತಲು ಆಗುವುದಿಲ್ಲ. ಆದ್ದರಿಂದ ಅಂಗಿಯ ಅಂಚನ್ನು ಮಾತ್ರ ತೆಳುವಾಗಿ ಕೆರೆದು, ಒಳಗೆ ದಪ್ಪವಾಗಿಯೇ ಬಿಡುತ್ತಾರೆ. ನೋಡುವವರ ಕಣ್ಣು ಅಂಚನ್ನು ನೋಡಿ ಇಡೀ ಬಟ್ಟೆ ತೆಳು ಅಂದುಕೊಳ್ಳುತ್ತದೆ.

ತಲೆ ಎಷ್ಟು, ಮೈ ಎಷ್ಟು

ಮಾಲೂರು ತಾಲ್ಲೂಕಿನ ಶಿವಾರಪಟ್ಟಣದಲ್ಲಿ ಬೀದಿ ಬೀದಿಗೂ ಉಳಿ ಸದ್ದು ಕೇಳುತ್ತದೆ. ಕಲ್ಲಿನಲ್ಲಿ, ಲೋಹದಲ್ಲಿ ದೇವರ ವಿಗ್ರಹ ಮಾಡುವ ಶಿಲ್ಪಿಗಳ ಊರು. ಶಿಲ್ಪಿಗಳ ಅಳತೆಗೆ ತಾಲಮಾನ ಅಂತ ಹೆಸರು. ಕೂದಲಂಚಿನಿಂದ ಗದ್ದದವರೆಗೆ ಮುಖದ ಉದ್ದ ಒಂದು ತಾಲ. ಒಂದು ತಾಲಕ್ಕೆ 12 ಅಂಗುಲ. ನವತಾಲದ ವಿಗ್ರಹ ಅಂದರೆ 9 ಮುಖದ ಎತ್ತರ, ಒಟ್ಟು 108 ಅಂಗುಲ. ಗಮನಿಸಿ, ಈ ಅಂಗುಲ ಇಂಚಲ್ಲ. ವಿಗ್ರಹ ದೊಡ್ಡದಾದರೆ ಅಂಗುಲವೂ ದೊಡ್ಡದಾಗುತ್ತದೆ.

ತಾಲಮಾನದ ಜಾಣತನ ಇದೇ. ಟೇಪು ಬೇಕಿಲ್ಲ. ಒಂದು ಗರಿಯನ್ನು ಮುಖದ ಉದ್ದಕ್ಕೆ ಕತ್ತರಿಸಿಕೊಂಡರೆ ಇಡೀ ಮೈ ಅಳೆಯಬಹುದು.

ಸಿಪಾಯಿಗೆ ದೇವರ ಅಳತೆ ಹಾಕಿದರೆ ನೀಳವಾಗಿ, ಗಂಭೀರವಾಗಿ ಕಾಣುತ್ತಾನೆ, ಆದರೆ ಸಿಪಾಯಿ ಅನ್ನಿಸುವುದಿಲ್ಲ. ಸಾಮಾನ್ಯ ಮನುಷ್ಯನ ಎತ್ತರ, ನೆತ್ತಿಯಿಂದ ಗದ್ದದವರೆಗಿನ ತಲೆಯ ಏಳೂವರೆ ಪಟ್ಟು. ನಾನು ಅದನ್ನೇ ಹಿಡಿದೆ. ಆಗ ತಲೆ 28 ಮಿಲಿಮೀಟರ್ ಬಂತು. ಒಂದೊಂದು ಕಣ್ಣಿಗೆ 4 ಮಿಲಿಮೀಟರ್ ಕೂಡ ಇಲ್ಲ.

ಕಲಿಯುವವರೆಲ್ಲ ಮಾಡುವ ತಪ್ಪೊಂದಿದೆ. ನಾನೂ ಮಾಡಿದ್ದೇನೆ. ಕಣ್ಣನ್ನು ತೀರ ಮೇಲೆ ಇಡುವುದು. ನಮ್ಮ ಮನಸ್ಸಿಗೆ ಮುಖ ಅಂದರೆ ಕಣ್ಣು ಮೂಗು ಬಾಯಿ, ಹಣೆ ನೆತ್ತಿ ಲೆಕ್ಕಕ್ಕಿಲ್ಲ. ಕನ್ನಡಿ ಮುಂದೆ ನಿಂತು ಸ್ಕೇಲಿನಿಂದ ಅಳೆದು ನೋಡಿ. ಕಣ್ಣು ಇರುವುದು ತಲೆಯ ಸರಿಯಾಗಿ ಅರ್ಧಕ್ಕೆ.

ಮರಕ್ಕೂ ಒಂದು ದಿಕ್ಕಿದೆ

ಕೋಲಾರದಲ್ಲಿ ಮರಕ್ಕೇನು ಬರ ಅನ್ನಬಹುದು. ನೀಲಗಿರಿ ತೋಪು ಎಲ್ಲಿ ನೋಡಿದರೂ ಇದೆ. ಆದರೆ ನೀಲಗಿರಿ ಒಣಗುವಾಗ ತಿರುಚುತ್ತದೆ, ಸೀಳುತ್ತದೆ. ಸೌದೆಗೆ ಸರಿ, ಮೂಗು ಕೆತ್ತಲು ಅಲ್ಲ. ಶ್ರೀನಿವಾಸಪುರದ ಕಡೆಯಿಂದ ಮಾವಿನ ಮರ ಸುಲಭವಾಗಿ ಸಿಗುತ್ತದೆ. ಕೆತ್ತಲೂಬಹುದು, ಆದರೆ ಹುಳ ಬೇಗ ಬೀಳುತ್ತದೆ. ತೇಗ ಒಳ್ಳೆಯದೇ, ಅದರ ಎಳೆ ದಪ್ಪ. ದೊಡ್ಡ ಬಾಗಿಲಿಗೆ ಆ ಎಳೆ ಅಂದ, 4 ಮಿಲಿಮೀಟರ್ ಕಣ್ಣಿಗೆ ತೊಂದರೆ. ಚನ್ನಪಟ್ಟಣದವರು ಬಳಸುವ ಹಾಲೆ ಮರ ಬೆಳ್ಳಗೆ, ನಯವಾಗಿ, ಎಳೆ ಕಾಣದ ಹಾಗೆ ಇರುತ್ತದೆ. ನನಗೆ ಒಬ್ಬ ಆಚಾರ್ರು ಕೊಟ್ಟಿದ್ದು ಅದರದೇ ಒಣ ತುಂಡು.

ಒಣ ತುಂಡು ಅನ್ನುವುದು ಮುಖ್ಯ. ಬೇಸಿಗೆಯಲ್ಲಿ ಕೆರೆಯ ಅಂಗಳ ನೋಡಿದ್ದೀರಲ್ಲ. ಮೇಲಿನ ಮಣ್ಣು ಬೇಗ ಒಣಗಿ ಕುಗ್ಗುತ್ತದೆ, ಒಳಗೆ ಇನ್ನೂ ಹಸಿ, ಎಳೆದಾಟದಲ್ಲಿ ಬಿರುಕು. ಹಸಿ ಮರದ ಕತೆಯೂ ಅದೇ. ಅದಕ್ಕೆ ಎರಡೂ ತುದಿಗೆ ಮೇಣ ಬಳಿದು ನೆರಳಿನಲ್ಲಿ ಇಡುತ್ತಾರೆ. ತುದಿಯಿಂದ ನೀರು ಬೇಗ ಹೋಗುತ್ತದೆ, ಅದನ್ನು ನಿಧಾನ ಮಾಡಬೇಕು. ಒಂದು ಇಂಚು ದಪ್ಪಕ್ಕೆ ಒಂದು ವರ್ಷ ಅನ್ನುವುದು ಹಳಬರ ಅಂದಾಜು.

ಇನ್ನು ಎಳೆ. ಮರದೊಳಗೆ ಬೇರಿನಿಂದ ಮೇಲಕ್ಕೆ ನೀರು ಹೋಗುವ ಸಣ್ಣ ಕೊಳವೆಗಳಿವೆ. ಒಂದು ಹಿಡಿ ಪೊರಕೆ ಕಡ್ಡಿ ಕಟ್ಟಿಟ್ಟ ಹಾಗೆ. ಕಡ್ಡಿಯ ಉದ್ದಕ್ಕೆ ಎಳೆದರೆ ಗಟ್ಟಿ. ಅಡ್ಡಕ್ಕೆ ಮುರಿದರೆ ಕಟ್ಟು ಬಿಚ್ಚಿಕೊಳ್ಳುತ್ತದೆ. ಹಾಗಾಗಿ ಬೊಂಬೆಯ ಕಾಲು ಎಳೆಯ ಉದ್ದಕ್ಕೆ ಬರಬೇಕು. ಚಾಚಿದ ಕೈ ಎಳೆಗೆ ಅಡ್ಡ ಬಂದರೆ ಮಗು ಮುಟ್ಟಿದ ದಿನವೇ ಮುರಿಯುತ್ತದೆ. ಬಿದಿರು ಹಿಡಿದ ಬಲಗೈಯನ್ನು ನಾನು ಬೇರೆ ತುಂಡಿನಲ್ಲಿ, ಎಳೆ ತಿರುಗಿಸಿ ಕೆತ್ತಿ, ತೋಳಿಗೆ ಗೂಟ ಕೊಟ್ಟು ಕೂರಿಸಿದೆ. ರಾಕೆಟ್ಟಿನ ಕೋಲು ಗಾಳಿಪಟದ ಬಿದಿರು ಕಡ್ಡಿ. ಮರದಲ್ಲಿ ಬಿದಿರು ಕೆತ್ತುವ ಹಟ ಯಾಕೆ, ಬಿದಿರೇ ಇರುವಾಗ?

ಉಳಿಯ ದಿಕ್ಕೂ ಎಳೆಯನ್ನು ಕೇಳಿಯೇ ಹೋಗಬೇಕು. ಬೆಕ್ಕಿನ ಮೈಯನ್ನು ತಲೆಯಿಂದ ಬಾಲಕ್ಕೆ ಸವರಿದರೆ ಸುಮ್ನೆ ಇರುತ್ತದೆ. ಬಾಲದಿಂದ ತಲೆಗೆ ಸವರಿ ನೋಡಿ! ಮರವೂ ಹಾಗೇ. ಎಳೆಯ ಜೊತೆ ಹೋದರೆ ಸಿಪ್ಪೆ ನಯವಾಗಿ ಸುರುಳಿ ಏಳುತ್ತದೆ, ಕೆತ್ತಿದ ಜಾಗ ಹೊಳೆಯುತ್ತದೆ. ಎದುರು ಹೋದರೆ ಉಳಿ ಎಳೆಯ ಸಂದಿಗೆ ಸಿಕ್ಕಿ, ನಾವು ಕೇಳದಷ್ಟು ಮರವನ್ನು ಕಿತ್ತು ತರುತ್ತದೆ.

ಉಳಿ ಕೆಲಸ

ಬೇಕಾದ ಸಾಮಾನು ಕಡಿಮೆ. ಒಂದು ಗರಗಸ, ಒಂದು ಕೊಡತಿ, ನೆಟ್ಟಗಿನ ಬಾಯಿಯ ಉಳಿ ಎರಡು, ಬಾಯಿ ಬಾಗಿದ ಉಳಿ ಎರಡು, ಚೂಪಾದ ಸಣ್ಣ ಚಾಕು. ಎಡಗೈಗೆ ದಪ್ಪ ಗ್ಲೌಸು. ಮೊಂಡು ಉಳಿಯೇ ಅಪಾಯ. ಅದಕ್ಕೆ ಬಲ ಜಾಸ್ತಿ ಹಾಕುತ್ತೇವೆ, ಜಾರಿದಾಗ ಆ ಬಲವೆಲ್ಲ ಕೈಗೆ ಬರುತ್ತದೆ. ಹಳೆ ಕ್ಷೌರದಂಗಡಿಯಲ್ಲಿ ಕತ್ತಿ ಉಜ್ಜುವ ಚರ್ಮದ ಪಟ್ಟಿ ಇರುತ್ತಿತ್ತಲ್ಲ, ಅಂಥದ್ದೊಂದು ಪಕ್ಕದಲ್ಲಿಟ್ಟುಕೊಂಡು ಆಗಾಗ ಉಳಿ ಉಜ್ಜುತ್ತಿರಬೇಕು.

ಮರದ ತುಂಡಿನ ಮುಂದಿನ ಮಗ್ಗುಲಿಗೆ ಸಿಪಾಯಿಯ ಮುಂದಿನ ನೋಟ, ಪಕ್ಕಕ್ಕೆ ಪಕ್ಕದ ನೋಟ ಬರೆದುಕೊಳ್ಳಬೇಕು. ಎರಡೂ ಗೆರೆಯ ಹೊರಗಿನದನ್ನು ಗರಗಸದಲ್ಲಿ ತೆಗೆದರೆ ಮೂಲೆಮೂಲೆಯಾದ ಒಬ್ಬ ಮನುಷ್ಯ ಸಿಗುತ್ತಾನೆ. ಪಾದದ ಕೆಳಗೆ ಎರಡು ಇಂಚು ಮರ ಹಾಗೇ ಬಿಡಬೇಕು. ಕೊನೆಯವರೆಗೂ ಅದೇ ಹಿಡಿ.

ಆಮೇಲಿನ ಕ್ರಮ ರಾಗಿ ಹೊಲದ್ದೇ. ಮೊದಲು ಇಡೀ ಹೊಲ ಉಳಬೇಕು, ಆಮೇಲೆ ಸಾಲು, ಆಮೇಲೆ ಬೀಜ. ಒಂದು ಮೂಲೆಯಲ್ಲಿ ಬಿತ್ತಿ ಇನ್ನೊಂದು ಮೂಲೆ ಉಳುವವರು ಯಾರೂ ಇಲ್ಲ. ಬೊಂಬೆಯಲ್ಲೂ ಮುಖ ಪೂರ್ತಿ ಮುಗಿಸಿ ಕಾಲಿಗೆ ಬರಬಾರದು. ತಲೆ, ಎದೆ, ನಡು, ಕಾಲು ಎಲ್ಲವನ್ನೂ ಒಟ್ಟಿಗೆ ಒರಟಾಗಿ ಇಳಿಸಿ, ಆಮೇಲೆ ದುಂಡು ಮಾಡಿ, ಆಮೇಲೆ ಅಂಗಿ ರುಮಾಲು, ಕಡೆಗೆ ಬೆರಳು. ಬೊಂಬೆಯನ್ನು ತಿರುಗಿಸುತ್ತಲೇ ಇರಬೇಕು.

ಮುಖದಲ್ಲಿ ಮೂಗಿನ ತುದಿ ಎಲ್ಲಕ್ಕಿಂತ ಮುಂದೆ. ಅದನ್ನು ಉಳಿಸಿಕೊಂಡು ಅಕ್ಕಪಕ್ಕ ಇಳಿಯುತ್ತಾ ಹೋದರೆ ಕೆನ್ನೆ, ಕಣ್ಣಿನ ಗುಳಿ ಹುಟ್ಟುತ್ತವೆ. ಮೂಗು ಬೇಕಾದ್ದಕ್ಕಿಂತ ದೊಡ್ಡದಿರಲಿ, ಕಣ್ಣು ಚಿಕ್ಕದಿರಲಿ. ದೊಡ್ಡ ಮೂಗನ್ನು ಚಿಕ್ಕದು ಮಾಡಬಹುದು, ಚಿಕ್ಕ ಕಣ್ಣನ್ನು ದೊಡ್ಡದು ಮಾಡಬಹುದು. ತಿರುಗಾ ಮುರುಗಾ ಆದರೆ ದಾರಿಯಿಲ್ಲ. ಮೊದಲ ಪ್ರಯತ್ನದಲ್ಲಿ ನನ್ನ ಸಿಪಾಯಿಯ ಮೂಗಿನ ತುದಿ ಹಾರಿಹೋಯಿತು. ಇಡೀ ಮುಖವನ್ನು ಹಿಂದಕ್ಕೆ ತಳ್ಳಿ ಕೆತ್ತಿದೆ. ತಲೆ ಮುಂದೆ ಹಿಂದೆ ಚಪ್ಪಟೆಯಾಗಿ ರುಮಾಲು ಸುತ್ತಿದ ಹಲಗೆಯ ಹಾಗಾಯಿತು. ಆ ತುಂಡು ಈಗ ಬಾಗಿಲಿಗೆ ಅಡ್ಡ ಇಡುವ ಬೆಣೆ.

ಬಟ್ಟೆಯ ಮಡಿಕೆಗೆ ಒಂದು ಗುಟ್ಟಿದೆ. ಮಡಿಕೆ ಎಲ್ಲೆಂದರಲ್ಲಿ ಬರುವುದಿಲ್ಲ. ಪಂಚೆ ಎತ್ತಿ ಕಟ್ಟಿದವರನ್ನು ನೋಡಿ. ಗಂಟು ಹಾಕಿದ ಜಾಗದಿಂದ ಗೆರೆಗಳು ಬೀಸಣಿಗೆಯ ಹಾಗೆ ಹೊರಡುತ್ತವೆ, ಕೆಳಗೆ ಬರುತ್ತಾ ಸಡಿಲಾಗುತ್ತವೆ. ಸಿಪಾಯಿಯ ನಡುಪಟ್ಟಿ, ಮೊಣಕೈ, ಚಲ್ಲಣದ ಮಂಡಿ, ಈ ಮೂರು ಕಡೆ ಎಳೆತವಿದೆ. ಮಡಿಕೆ ಅಲ್ಲಿಂದಲೇ ಶುರುವಾಗಬೇಕು. ಬಾಕಿ ಜಾಗ ಖಾಲಿ ಬಿಟ್ಟರೆ ಇನ್ನೂ ಚೆನ್ನ.

ಹುಲಿಪಟ್ಟೆಯನ್ನು ಕೆತ್ತಬೇಕಾ? ಬೇಡ. ಅದು ಬಟ್ಟೆಯ ಬಣ್ಣ, ಉಬ್ಬಲ್ಲ. ಕೆತ್ತಿದರೆ ಅಂಗಿ ಕಂಬಳಿಯಾಗುತ್ತದೆ.

ಬಣ್ಣ: ಬೆಳಕಿಗೆ ನಾವೇ ಸಹಾಯ ಮಾಡುವುದು

ಕೆತ್ತಿದ ಮರಕ್ಕೆ ನೇರ ಬಣ್ಣ ಹಚ್ಚಿದರೆ ಟೀಗೆ ಅದ್ದಿದ ರಸ್ಕಿನ ಹಾಗೆ ಹೀರಿಕೊಳ್ಳುತ್ತದೆ. ಅದೂ ಒಂದೇ ಸಮನಾಗಿ ಅಲ್ಲ. ಕೊಳವೆಗಳ ಬಾಯಿ ತೆರೆದಿರುವ ಕಡೆ, ಅಂದರೆ ಭುಜ, ತಲೆಯ ಮೇಲೆ, ಜಾಸ್ತಿ. ಅದಕ್ಕೆ ಮೊದಲು ಆ ಬಾಯಿ ಮುಚ್ಚುವ ಒಂದು ತೆಳು ಪದರ ಬೇಕು. ಹಳೆ ಪದ್ಧತಿಯಲ್ಲಿ ಸೀಮೆಸುಣ್ಣದ ಪುಡಿ ಮತ್ತು ಅಂಟು. ಕೊಪ್ಪಳ ಜಿಲ್ಲೆಯ ಕಿನ್ನಾಳದ ಬೊಂಬೆಗಳಲ್ಲಿ ಹುಣಸೆ ಬೀಜದ ಅಂಟು ಬಳಸುತ್ತಾರೆ. ನಾನು ಅಂಗಡಿಯ ಪ್ರೈಮರನ್ನು ನೀರು ಬೆರೆಸಿ ಎರಡು ಸಲ ಬಳಿದೆ. ದಪ್ಪಗೆ ಬಳಿದರೆ ಮೂರು ತಿಂಗಳ ಮಡಿಕೆಗಳು ಅರ್ಧ ಗಂಟೆಯಲ್ಲಿ ಮುಚ್ಚಿಹೋಗುತ್ತವೆ.

ಈಗ ಎಲ್ಲರೂ ಕೇಳುವ ಪ್ರಶ್ನೆ. ಉಬ್ಬು ತಗ್ಗು ಕೆತ್ತಿದ ಮೇಲೆ ನೆರಳನ್ನು ಬಣ್ಣದಲ್ಲಿ ಮತ್ತೆ ಯಾಕೆ ಬಳಿಯಬೇಕು? ನಿಜವಾದ ಅಂಗಿಯ ಮಡಿಕೆ ಬೆರಳಷ್ಟು ಆಳ, ಅದರೊಳಗೆ ಕತ್ತಲಿರುತ್ತದೆ. ಬೊಂಬೆಯ ಮಡಿಕೆ ಒಂದೆರಡು ಮಿಲಿಮೀಟರ್. ಮನೆಯ ಟ್ಯೂಬ್‌ಲೈಟಿನ ಬೆಳಕು ಸುಲಭವಾಗಿ ಒಳಹೊಕ್ಕು ಎಲ್ಲವನ್ನೂ ಒಂದೇ ಸಮ ಮಾಡುತ್ತದೆ. ಬೊಂಬೆ ಕುಗ್ಗಿತು, ಬೆಳಕು ಕುಗ್ಗಲಿಲ್ಲ. ಆ ಕೊರತೆಯನ್ನು ಕುಂಚ ತುಂಬಬೇಕು.

ದಾರಿ ಎರಡು. ಬಣ್ಣವನ್ನು ಸಾರಿನಷ್ಟು ತೆಳು ಮಾಡಿ ಬಳಿದರೆ ತಗ್ಗಿಗೆ ಇಳಿದು ನಿಲ್ಲುತ್ತದೆ. ಅದು ನೆರಳು. ಕುಂಚವನ್ನು ಬಟ್ಟೆಗೆ ಒರೆಸಿ, ಒಣಗಿದಂತಾದ ಮೇಲೆ ಮೆಲ್ಲಗೆ ಸವರಿದರೆ ಉಬ್ಬಿನ ನೆತ್ತಿಗೆ ಮಾತ್ರ ತಗುಲುತ್ತದೆ. ಅದು ಬಿಸಿಲು. ಸೂರ್ಯ ನೆತ್ತಿಯ ಮೇಲಿದ್ದಾನೆ ಅಂತ ಒಮ್ಮೆ ಒಪ್ಪಿಕೊಂಡರೆ ಕೊನೆವರೆಗೂ ಅಲ್ಲೇ ಇರಬೇಕು. ರುಮಾಲಿಗೆ ಮಧ್ಯಾಹ್ನ, ಚಲ್ಲಣಕ್ಕೆ ಸಾಯಂಕಾಲ ಆಗಬಾರದು.

ಅಚ್ಚ ಬಿಳಿ, ಅಚ್ಚ ಕಪ್ಪು ಎರಡನ್ನೂ ದೂರ ಇಡಿ. ಆಗಿನ ಹತ್ತಿ ಬಟ್ಟೆ ಡಿಟರ್ಜೆಂಟ್ ಕಂಡಿರಲಿಲ್ಲ. ಕೋರಾ ಬಟ್ಟೆಯ ಹಳದಿ ಬೆರೆತ ಬಿಳಿಯೇ ಸರಿ. ಕಬ್ಬಿಣಕ್ಕೆ ಕಪ್ಪಿನ ಜೊತೆ ಸ್ವಲ್ಪ ಕಂದು. ಮೈಬಣ್ಣಕ್ಕೆ ಅಂಗಡಿಯಲ್ಲಿ ಸಿಗುವ "ಚರ್ಮದ ಬಣ್ಣ" ಹಚ್ಚಿದರೆ ನಮ್ಮ ಸಿಪಾಯಿ ಕಾರ್ನ್‌ವಾಲಿಸ್ ಕಡೆಯವನಾಗುತ್ತಾನೆ. ಕಂದು, ಇಟ್ಟಿಗೆ ಕೆಂಪು, ಮಣ್ಣಿನ ಹಳದಿ ಬೆರೆಸಿಕೊಳ್ಳಬೇಕು. ಪಾದಕ್ಕೆ, ಚಲ್ಲಣದ ಅಂಚಿಗೆ ಕೆಮ್ಮಣ್ಣಿನ ಧೂಳು. ಕೋಲಾರದ ದಾರಿಯಲ್ಲಿ ನಡೆದವನಿಗೆ ಅಷ್ಟಾದರೂ ಬೇಡವೇ?

ದೇವರ ವಿಗ್ರಹಕ್ಕೆ ಕಣ್ಣು ತೆರೆಸುವುದು ಕಡೆಯ ಕೆಲಸ, ಅದಕ್ಕೆ ಶಾಸ್ತ್ರವಿದೆ. ಸಣ್ಣ ಬೊಂಬೆಗೆ ಬಣ್ಣ ಹಚ್ಚುವವರು ಬಹಳ ಮಂದಿ ಉಲ್ಟಾ ಮಾಡುತ್ತಾರೆ: ಮುಖದಲ್ಲಿ ಮೊದಲು ಕಣ್ಣು. ಕಾರಣ ಬೇರೇನಿಲ್ಲ. ಕಣ್ಣು ಕೆಟ್ಟರೆ ಸುತ್ತಲಿನ ಚರ್ಮದ ಬಣ್ಣದಿಂದ ತಿದ್ದಬಹುದು. ಮುಖವೆಲ್ಲ ಮುಗಿಸಿ ಕಣ್ಣಿಗೆ ಬಂದರೆ ಕೈ ನಡುಗುತ್ತದೆ. ಕಣ್ಣಗುಡ್ಡೆಯನ್ನು ಪೂರ್ತಿ ದುಂಡಗೆ ಬರೆದರೆ ಸಿಪಾಯಿ ದೆವ್ವ ಕಂಡವನಂತೆ ಕಾಣುತ್ತಾನೆ. ಅದರ ಮೇಲಂಚು ರೆಪ್ಪೆಯ ಕೆಳಗೆ ಸ್ವಲ್ಪ ಮುಚ್ಚಿರಬೇಕು.

ಹುಲಿಪಟ್ಟೆಗೆ ಎರಡು ಭಾನುವಾರ ಬೇಕಾದವು. ಮಡಿಕೆಯೊಳಗೆ ಹೋದ ಪಟ್ಟೆ ಮುರಿದು, ಆ ಕಡೆ ಸ್ವಲ್ಪ ಜಾರಿ ಮತ್ತೆ ಕಾಣಬೇಕು. ಬಟ್ಟೆ ಮಡಿಸಿದಾಗ ಅದರ ಡಿಸೈನೂ ಮಡಿಯುತ್ತದೆ ತಾನೆ. ಇದನ್ನು ಮರೆತು ನೆಟ್ಟಗೆ ಬರೆದರೆ ಕೆತ್ತಿದ ಮಡಿಕೆಯೆಲ್ಲ ಮಾಯ.

ಕಡೆಗೆ ಹೊಳಪಿಲ್ಲದ ವಾರ್ನಿಶ್ ಒಂದು ಕೋಟು. ಹೊಳೆಯುವುದು ಹಚ್ಚಿದರೆ ಬಟ್ಟೆಯೂ ಚರ್ಮವೂ ಕಬ್ಬಿಣವೂ ಪ್ಲಾಸ್ಟಿಕ್ ಆಗುತ್ತವೆ.

ಎತ್ತಿಡುವುದು

ಎಂಟನೇ ದಿನ ಎದುರು ಮನೆಯ ಮೊಮ್ಮಗ ಬಂದು ರಾಕೆಟ್ಟನ್ನು ಮೆಲ್ಲಗೆ ಎಳೆದ. ಅದು ಕೈಯಿಂದ ಜಾರಿ ಹೊರಗೆ ಬಂತು. ಅವನ ಮುಖ ಬಿಳಿಚಿಕೊಂಡಿತು. "ಮುರಿದಿಲ್ಲ ಕಣೋ, ಅದು ಬರೋದೇ ಹಾಗೆ" ಅಂದೆ. ಮುಷ್ಟಿಯಲ್ಲಿ ತೂತು ಮಾತ್ರ ಕೊರೆದಿದ್ದೇನೆ, ಅಂಟು ಹಾಕಿಲ್ಲ. ಮಳೆಗಾಲದಲ್ಲಿ ಮರ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗುತ್ತದೆ. ಬಿದಿರು ಅದರ ತಾಳಕ್ಕೆ ಕುಣಿಯುವುದಿಲ್ಲ. ಅಂಟಿಸಿದ್ದರೆ ಎರಡರಲ್ಲಿ ಒಂದು ಸೀಳುತ್ತಿತ್ತು. ಅದೂ ಅಲ್ಲದೆ ಒಂಬತ್ತು ಇಂಚಿನ ಕೋಲು ಸಮೇತ ಅವನು ನಮ್ಮ ಬೊಂಬೆ ಟ್ರಂಕಿನಲ್ಲಿ ಹಿಡಿಸುವುದಿಲ್ಲ.

ಹುಡುಗ ಅದನ್ನು ನಾಲ್ಕು ಸಲ ತೆಗೆದು ನಾಲ್ಕು ಸಲ ಹಾಕಿದ. ಹಬ್ಬ ಮುಗಿದ ಮೇಲೆ ಸಿಪಾಯಿಯನ್ನು ಹಳೆ ಪಂಚೆಯಲ್ಲಿ ಸುತ್ತಿ, ಒಣಗಿದ ಬೇವಿನ ಸೊಪ್ಪಿನ ಮೇಲೆ ಮಲಗಿಸಿದೆವು. ರಾಕೆಟ್ ಪಕ್ಕದಲ್ಲಿ, ಅಗರಬತ್ತಿ ಡಬ್ಬಿಯೊಳಗೆ.